ಸೋರಿಕೆ

ಎರಡು ಸಾವಿರದ ಐವತ್ತನೇ ಇಸವಿಯ ಬಾಯಾರಿಕೆಯನ್ನು
ಈ ಶುಕ್ರವಾರದೊಳಗೆ ಬರೆದು ಕಳಿಸಬೇಕು ನಾನು.
ಕುಣಿಗಲ್ಲಿನ ಕಚೇರಿ, ಮಹಡಿಯ ಮೇಲೆ ಮೂರನೇ ಮೇಜು.
ತಲೆಗೆ ನೂರ ಮೂವತ್ತೈದು ಲೀಟರು ಎನ್ನುತ್ತದೆ ಸುತ್ತೋಲೆ,
ಇನ್ನೂ ಹುಟ್ಟದ ತಲೆಗೂ ಅಷ್ಟೇ.
ಹಸುವಿಗೆ ಇಷ್ಟು, ಕೋಳಿಫಾರಮ್ಮಿಗೆ ಇಷ್ಟು,
ಹೆದ್ದಾರಿ ಬದಿಗೆ ಬರಲಿರುವ ಕಾರ್ಖಾನೆಗೆ,
ಬರದೆಯೂ ಇರಬಹುದಾದ ಕಾರ್ಖಾನೆಗೆ, ಇಷ್ಟು.
ಕೂಡುತ್ತ ಹೋದರೆ ಕೊನೆಯ ಸಾಲಿನಲ್ಲಿ
ಶಿಂಷೆ ಸಾಲದು.
ಯಾವ ಸಲವೂ ಸಾಲುವುದಿಲ್ಲ. ಅದಕ್ಕೇ ಯಾರೂ ಬೆಚ್ಚುವುದಿಲ್ಲ.

ಬುಧವಾರ ಪಂಪ್‌ಹೌಸಿನ ಗಂಗಹುಚ್ಚಯ್ಯ ಬಂದ,
ಊಟದ ಡಬ್ಬಿ ತೆರೆದು ಫೈಲಿನ ಮೇಲಿಟ್ಟ.
ಜಾಲರಿಗೆ ಸಿಕ್ಕ ಬೆರಳುದ್ದದ ಏಳು ಮೀನು,
ಎರಡು ಇನ್ನೂ ಕಿವಿರಾಡಿಸುತ್ತಿದ್ದವು.
"ಅರಿಶಿನಗೆಂಡೆ ಕಣವ್ವಾ. ನಮ್ಮಪ್ಪನ ಕಾಲಕ್ಕೆ ಗೂಡೆಗಟ್ಟಲೆ.
ಈಗ ಆ ಒಂದು ಮಡೂನಲ್ಲಿ ಬಿಟ್ರೆ ಎಲ್ಲೂ ಇಲ್ಲ.
ಇವಕ್ಕೆ ತಲೆಗೆಷ್ಟು ಬರೀತೀಯ?"

ತಮಾಷೆಗೆ ಕೇಳಿದನೋ, ಗೊತ್ತಿಲ್ಲ.
ಬೆಸ್ತರ ಕೇರಿಯವನು, ಬಲೆ ಮಾರಿ ಈ ಕೆಲಸ ಹಿಡಿದವನು.
ಆಚೆ ಈಜುವ ಮೀನಿಗೂ ಈಚೆ ಕಾಯುವ ಊರಿಗೂ ನಡುವೆ
ಒಂದು ಮುರುಕು ಸ್ಟೂಲಿನ ಮೇಲೆ
ಇಪ್ಪತ್ತು ವರ್ಷ ಕೂತವನು.

ಅವನ ಹಿಂದೆ ಹೋದೆ. ಮಾರ್ಕೋನಹಳ್ಳಿ ಕಟ್ಟೆಯ ಕೆಳಗೆ
ಹೊಳೆ ಎಂದರೆ ಬಂಡೆ, ಬಂಡೆ, ಜೊಂಡು, ಯಾರದೋ ಒಂಟಿ ಚಪ್ಪಲಿ;
ಆಮೇಲೆ ತಟ್ಟನೆ, ಹುಣಸೇಮರದ ನೆರಳಲ್ಲಿ, ಮಡು.
ನಮ್ಮ ಮನೆಯ ನಡುಮನೆಯಷ್ಟು, ಹೆಚ್ಚಲ್ಲ.
ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ: ನಡು ಮುಳುಗುವಷ್ಟು.
"ಮೊಣಕಾಲಿಗಿಳಿದ್ರೆ ನೀರು ಕಾಯ್ತದೆ, ಮೊಟ್ಟೆ ಬೇಯ್ತವೆ.
ಬೇಸಿಗೆ ದಾಟೋವರ್ಗೂ ಸಣ್ಣಗೆ ಒಂದು ಧಾರೆ, ನಿಲ್ಲದಂಗೆ.
ಅಷ್ಟೇ ಕೇಳ್ತವೆ."

ನಾನೂ ಕೇಳುವವಳೇ. ನಮ್ಮ ಬೀದಿಗೆ ನಲ್ಲಿ ಬರುವುದು
ಆರು ದಿನಕ್ಕೊಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ.
ಪಕ್ಕದ ಮನೆಯ ಹುಸೇನ್‌ಬಿ, ಬಾಣಂತಿ ಸೊಸೆಗೆಂದು
ಒಂದು ಬಿಂದಿಗೆ ಹೆಚ್ಚಿಗೆ ಬೇಡಿದಾಗ
ಮುಖ ತಿರುಗಿಸಿದ್ದುಂಟು ನಾನು.
ಮೀನಿನ ಪರ ಮಾತಾಡಲು ನನಗೆ ಯಾವ ಬಾಯಿ?

ಆದರೂ ಬರೆದೆ. ಹೊಸ ಸಾಲು: ಮೀನು.
ಸಾಹೇಬರು ಕನ್ನಡಕ ಏರಿಸಿದರು.
"ಗಣತಿ ಇದೆಯೇನಮ್ಮ ಇವುಗಳದ್ದು?"
ನಗಲಿಲ್ಲ. ಕೆಟ್ಟವರೂ ಅಲ್ಲ.
"ಮೇಲಿನವರು ಕೇಳಿದರೆ ನಾನೇನು ಹೇಳಲಿ?
ಮೂವತ್ತು ಹಳ್ಳಿಯ ಹೆಸರಿದೆ ಇದರಲ್ಲಿ."
ಕೆಂಪು ಗೆರೆ ಎಳೆದರು, ಮೆತ್ತಗೆ,
ರೇಷನ್ ಕಾರ್ಡಿನಿಂದ ಸತ್ತವರ ಹೆಸರು ತೆಗೆಯುವ ಹಾಗೆ.

ಗುರುವಾರ ರಾತ್ರಿ, ಎಲ್ಲರೂ ಹೋದ ಮೇಲೆ,
ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ದಿನಾ ಇದ್ದದ್ದೇ.
ಸೋರಿಕೆ ಮತ್ತು ಇತರೆ ನಷ್ಟ: ಶೇಕಡಾ ಹದಿನೈದು.
ಒಡೆದ ಪೈಪು, ಕದ್ದ ನೀರು, ತೊಟ್ಟಿಕ್ಕುವ ಟ್ಯಾಂಕು.
ಇದನ್ನು ಯಾರೂ ಎಂದೂ ಪ್ರಶ್ನಿಸಿದ್ದಿಲ್ಲ.
ಹದಿನೈದನ್ನು ಹದಿನಾರು ಮಾಡಿದೆ.
ಸಹಿಯಾಗಿ ಬಂತು.

ಈಗ ಹೊಳೆಯ ಕಡೆಯ ವಾಲ್ವನ್ನು ಗಂಗಹುಚ್ಚಯ್ಯ
ಅರ್ಧ ಸುತ್ತು ಸಡಿಲ ಬಿಡುತ್ತಾನೆ.
ಪುಸ್ತಕದಲ್ಲಿ ಬರೆಯುತ್ತಾನೆ: ವಾಷರ್ ಸವೆದಿದೆ.
ಅರಿಶಿನಗೆಂಡೆಯ ವಂಶ ಸದ್ಯಕ್ಕೆ ಆ ವಾಷರಿನ ಪುಣ್ಯ.

ಸಿಕ್ಕಿಬೀಳುವ ಭಯ ಹೋಗಿದೆ. ಬೇರೊಂದು ಬಂದಿದೆ:
ಮುಂದೆ ಈ ಮೇಜಿಗೆ ಬರುವವಳು
ನನಗಿಂತ ಚುರುಕು, ನನಗಿಂತ ನೇರ.
ಒಂದೊಂದೇ ಸೋರಿಕೆ ಹುಡುಕಿ ಮುಚ್ಚುತ್ತ ಬಂದು
ಕೊನೆಗೆ ಈ ವಾಲ್ವಿನ ಮುಂದೆ ನಿಂತು ಸ್ಪ್ಯಾನರ್ ಎತ್ತುತ್ತಾಳೆ.
ಅವಳ ತಪ್ಪೇನಿಲ್ಲ. ಹುಸೇನ್‌ಬಿಯ ಮೊಮ್ಮಗಳೇ ಇರಬಹುದು,
ಆ ಬಿಂದಿಗೆ ಸಿಗದ ಕೂಸು.

ಕಡತದ ಕೊನೆಯ ಹಾಳೆಯ ಹಿಂದೆ, ಪೆನ್ಸಿಲಿನಲ್ಲಿ,
ಅವಳಿಗೆಂದು ಬರೆದಿಟ್ಟಿದ್ದೇನೆ:
ಬಿಗಿ ಮಾಡುವ ಮುಂಚೆ
ಒಮ್ಮೆ ಕೆಳಗಿಳಿದು ನೋಡು ತಾಯಿ.
ಹುಣಸೇಮರ. ನಡು ಮುಳುಗುವಷ್ಟು.