ನಡುವಿನ ಇಪ್ಪತ್ತೊಂಬತ್ತು ದಿನ

ಬಲಗಣ್ಣಿನ ಪೊರಿ ತೆಗೆದರು ಸೋಲಾಪುರದಾಗ.
ಎಡಗಣ್ಣಿಗೆ ಮುಂದಿನ ತಿಂಗಳ ತಾರೀಖು.
ಈ ನಡುವಿನ ಇಪ್ಪತ್ತೊಂಬತ್ತು ದಿನ
ನನಗ ಎರಡು ಅಕ್ಕಲಕೋಟ.

ಎಡಗಣ್ಣು ಮುಚ್ಚಿದರ ಗ್ವಾಡಿ ನೀಲಿ,
ಮಹಾನಂದಾ ತಂದಿಟ್ಟ ಹಾಲು ನೀಲಿ.
ಬಲಗಣ್ಣು ಮುಚ್ಚಿದರ
ಅದೇ ಹಾಲು, ಚಹಾ ಸೋಸೂ ಅರಿವಿ.
ಇಷ್ಟು ವರ್ಷ ಇದನ್ನ ಬಿಳಿ ಅಂತ ಬಳದೇನಿ!
ಎಷ್ಟು ಅಂಗಡಿಯವರು ರೊಕ್ಕ ಎಣಿಸಿ ಕೊಟ್ಟಾರ
ಈ ಬಿಳಿಗೆ.

ದವಾಖಾನಿ ಕ್ಯಾಲೆಂಡರಿನಾಗ ಒಬ್ಬ ಮುದುಕ ಇದ್ದ,
ಫ್ರಾನ್ಸ್ ದೇಶದವ, ತನ್ನ ಮಾರಿ ತಾನೇ ಬರಕೊಂಡವ.
ಗಡ್ಡದಾಗ ಹಸಿರು, ಹಣಿ ಮ್ಯಾಲ ಗುಲಾಬಿ,
ಕರಿ ಅನ್ನೂದು ಕೋಟಿನಾಗೂ ಇಲ್ಲ.
ಹತ್ತರ ಹೋದರ ಬರೀ ಗೀರು, ಚುಕ್ಕಿ.
ನರ್ಸ್‌ಬಾಯಿ 'ಮಾಗೆ ಸರಕಾ' ಅಂದಳು, ಹಿಂದ ಸರದೆ.
ಅಷ್ಟರಾಗ
ಅಂವ ನನ್ನ ನೋಡಿಬಿಟ್ಟ.

ನಾನೂ ಕುಂತೆ.
ಸಲೂನಿನ ರಾಚಪ್ಪ ಕೊಟ್ಟ ಒಡಕ ಕನ್ನಡಿ,
ಉಳದ ಎನಾಮೆಲ್ ಡಬ್ಬಿ ಆರು,
ಒಂದು ತಗಡು. ಅದರ ಬೆನ್ನಾಗ ಇನ್ನೂ ಓದಾಕ ಬರತದ:
'ಬಿರಾಜದಾರ ಬೀಜ ಭಂಡಾರ, ಉಧಾರ ಬಂದ್.'
ಒಂದು ಕಣ್ಣಿಲೆ ನೋಡೂದು,
ಇನ್ನೊಂದರಲೆ ಬಣ್ಣ ಕಲಸೂದು.
ಬೋರ್ಡ್ ಬರಿಯೂ ಕೈ, ಮೊದಲ ಗೆರಿ ಕೇಳತದ.
ಮೂಗಿಗೆ ಗೆರಿ ಎಲ್ಲಿಂದ ತರಲಿ?
ಬಿಸಲು ಅದರ ಮ್ಯಾಲ ಕುಂತು ಎದ್ದು ಹೋಗತದ
ಬಾಡಿಗಿ ಕೊಡದವರ ಗತೆ.

ಹೆಗಲ ಹಿಂದ, ಕನ್ನಡಿಯಾಗ, ಎದುರಿನ ಎರಡು ಬೋರ್ಡು.
ಎರಡೂ ನಾನೇ ಬರದದ್ದು: ಒಂದು ಮರಾಠಿ, ಒಂದು ಕನ್ನಡ.
ಒಂದಕ್ಕ ಒಂದು ರಾತ್ರಿ ಡಾಂಬರ ಬಳದಿದ್ದರು,
ಸೀಮೆಎಣ್ಣಿ ಹಾಕಿ ತಿಕ್ಕಿದವನೂ ನಾನೇ.
ಈಗ ಉಲ್ಟಾ ನಿಂತಾವ.
ಕನ್ನಡಿಯಾಗ ಕನ್ನಡನೂ ಓದಾಕ ಬರೂದಿಲ್ಲ.
ಕೆಂಪು ಒಂದಿಷ್ಟು, ಹಸಿರು ಒಂದಿಷ್ಟು, ನಡುವ ತಂತಿ ಮ್ಯಾಲ ಯಾರದೋ ಟಾವೆಲ್.
ಹಂಗೇ ಇಟ್ಟೆ.

ಮಹಾನಂದಾ ಕೈ ಒರಸಿಕೋತ ಬಂದು ನಿಂತಳು.
'ಯಾರಿದು?'
ಚೂರು ಹೊತ್ತಿನ ಮ್ಯಾಲ,
'ಕಿವಿ ನಿಮ್ಮವಽ. ಆದರ ಗಲ್ಲ ಎರಡೂ ಜಗಳ ಆಡ್ಯಾವ.'

ನಾಳೆ ಎಡಗಣ್ಣು.
ಆಮ್ಯಾಲ ಈ ಹಳದಿ ಗಲ್ಲಕ್ಕ
ಸಾಕ್ಷಿ ಹೇಳಾಕ ಯಾವ ಕಣ್ಣೂ ಉಳಿಯೂದಿಲ್ಲ.
ತಿದ್ದಬಾರದು ಅಂತ ಕುಂಚ ತೊಳದಿಟ್ಟೆ.
ಹೆಸರು ಹಾಕಲಿಲ್ಲ. ರೂಢಿ ಬಿಡಲಿಲ್ಲ ನೋಡ್ರಿ,
ಕೆಳಗ ಮೂಲ್ಯಾಗ, ಸಣ್ಣ ಅಕ್ಷರದಾಗ
'ಪೇಂಟರ್', ಮುಂದ ಫೋನ್ ನಂಬರು,
ಐದೇ ಅಂಕಿ,
ಈಗ ಹಚ್ಚಿದರ ಹತ್ತೂದಿಲ್ಲ.