ನೂರು ಗಜ

ಶಕ್ತಿನಗರದ ಚಿಮಣಿಯ ಹೊಗೆ
ಮೂಡಣಕ್ಕೆ ವಾಲಿದರೆ ಅದನ್ನು ನಂಬಬೇಡ
ಎಂದಿದ್ದರು ಮೌಲಾಸಾಬ ಹವಾಲ್ದಾರರು.
"ಅದು ಮುಗಿಲಿನ ಗಾಳಿ, ನರಸಮ್ಮಾ.
ನಿನ್ನ ಗುಂಡು ಹೋಗೋದು ಮೊಣಕಾಲೆತ್ತರದಾಗ."

ಅದಕ್ಕೇ ಈ ಜಾಲಿ ಕಡ್ಡಿಗಳು, ಮೂವತ್ತು ಗಜಕ್ಕೊಂದು,
ತುದಿಗೆ ಜಿನ್ನಿಂಗ್ ಮಿಲ್ಲಿನಿಂದ ತಂದ ಹತ್ತಿಯ ಎಳೆ.
ಮೊದಲನೆಯದು ಮಲಗಿರುತ್ತದೆ,
ಎರಡನೆಯದು ತಲೆಯಾಡಿಸುತ್ತದೆ,
ಮೂರನೆಯದು ಬೇರೆ ಊರಿನದೆಂಬಂತೆ
ಕೃಷ್ಣೆಯ ಕಡೆ ಬೆರಳು ತೋರುತ್ತದೆ.
ಮೂವರಲ್ಲಿ ಯಾರ ಮಾತು ಕೇಳಲಿ?
"ಹತ್ತಿರದಾಕಿ ಮಾತು.
ಹೊಸ್ತಿಲದಾಗ ಕೂದಲೆಳಿ ತಪ್ಪಿದ್ದು
ಅಗಸಿ ಮುಟ್ಟೋದ್ರಾಗ ಮೊಳ ಆಗ್ತದ."

ನಾನು ಕಲ್ಲಿದ್ದಲು ಲ್ಯಾಬಿನವಳು.
ಬೂದಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ
ಸಹಿ ಹಾಕಿ ಸಂಬಳ ತರುವವಳು.
ಐವತ್ತರ ಡಬ್ಬಿಯ ತೋಟೆಗಳನ್ನು
ಒಂದೊಂದಾಗಿ ತಕ್ಕಡಿಗಿಟ್ಟೆ;
ಹಗುರ, ಭಾರ, ನಡುವಿನವು,
ಮೂರು ಹಲ್ಲುಪುಡಿ ಡಬ್ಬಿಗಳಾದವು.
ತೋಳಪಟ್ಟಿಯ ತೂತು ಬದಲಿಸಿದೆ,
ಕೆನ್ನೆ ಒರಗುವ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿದೆ.
ಗುಂಪು ಕುಗ್ಗಿತು, ನಿಜ:
ರೊಟ್ಟಿಯಗಲ ಇದ್ದದ್ದು ಅಂಗೈಯಗಲ.
ಆದರೆ ಹತ್ತರಲ್ಲೊಂದು, ಯಾವಾಗಲೂ ಒಂದು,
ಕೆಳಗೆ, ಎಡಕ್ಕೆ,
ಸಾಲಿ ತಪ್ಪಿಸಿದ ಹುಡುಗನಂತೆ.

ಗಾಳಿಯನ್ನು ದೂರಿದೆ. ಬ್ಯಾಚ್ ನಂಬರನ್ನು ದೂರಿದೆ.
ಮೇ ತಿಂಗಳ ಬಿಸಿಲ್ಗುದುರೆಯನ್ನು ದೂರಿದೆ,
ದುರ್ಬೀನಿನೊಳಗೆ ಅದು ಹೊಳೆಯಂತೆ ಹರಿದು
ಕಪ್ಪು ಚಕ್ರವನ್ನೇ ಹೊತ್ತೊಯ್ಯುತ್ತಿತ್ತು.
ಹನ್ನೊಂದು ವಾರ ಡೈರಿ ಬರೆದೆ:
ಬೆಳಗಿನ ಆರೂವರೆ, ಗಾಳಿ ಎಡದಿಂದ, ಎರಡು ಕ್ಲಿಕ್,
ರಾತ್ರಿ ಪಾಳಿ ಮುಗಿಸಿ ಬಂದದ್ದು, ಚಹಾ ಇಲ್ಲ.
ಕನ್ನಡಕ ಹಣೆಗೇರಿಸಿ ಓದಿದರು ಮೌಲಾಸಾಬರು.
"ಎಲ್ಲಾ ಬರದೀದಿ, ನಿನ್ನ ಹೆಸರೊಂದು ಬಿಟ್ಟು."

ಆ ಭಾನುವಾರ ತೋಟೆ ತಾವೇ ತುಂಬಿದರು.
"ಗುರಿ ನೋಡು, ನನ್ನ ಕೈ ನೋಡಬ್ಯಾಡ."
ಮೊದಲನೆಯದು ಸಿಡಿಯಿತು. ಎರಡನೆಯದೂ.
ಮೂರನೆಯದಕ್ಕೆ ಅರ್ಧ ಉಸಿರು ಬಿಟ್ಟು, ತಡೆದು,
ಬಂದೂಕಿನ ಕುದುರೆಯನ್ನು ಮೆಲ್ಲಗೆ ಒತ್ತಿದೆ.
ಟಿಕ್.
ಒಳಗಿದ್ದದ್ದು ಎಂದೋ ಹಾರಿಸಿದ ಖಾಲಿ ಕೊಳವೆ.
ಆದರೂ ಮೂತಿ ಕೆಳಗೆ, ಎಡಕ್ಕೆ,
ಮಿಂಚುಳ್ಳಿಯಂತೆ ಮುಳುಗಿ ಎದ್ದಿತ್ತು
ಬಾರದ ಸಿಡಿತಕ್ಕೆ ಬೆದರಿ.
ಕಣ್ಣು ಮುಚ್ಚಿತ್ತು.
ಎಷ್ಟು ತಿಂಗಳಿಂದ ಮುಚ್ಚುತ್ತಿತ್ತೋ.

ಅವರು ನಗಲಿಲ್ಲ.
"ಬಾಯ್ಲರಿನ ಸೇಫ್ಟಿ ವಾಲ್ವು ಹಾರಿದಾಗ
ಕ್ವಾರ್ಟರ್ಸಿನ ಹುಡುಗ್ರು ಬೆಚ್ಚತಾವೇನು?"
ಇಲ್ಲ.
"ಹಾಂಗ. ಸದ್ದು ಬರ್ತದ, ಬರಲಿ.
ನೀ ಓಡಿಹೋಗಿ ಮೊದಲ ಬಾಗಲಾ ತೆಗೀಬ್ಯಾಡ."

ಅಂದಿನಿಂದ ತಕ್ಕಡಿ ಮುಟ್ಟಿಲ್ಲ.
ಸುಳ್ಳು. ಈಗಲೂ ತೂಗುತ್ತೇನೆ, ಚಟ.
ಆದರೆ ರಾತ್ರಿ, ಪಾತ್ರೆ ತೊಳೆದ ಮೇಲೆ,
ಗೋಡೆಗೆ ಸಾಸಿವೆಯಷ್ಟು ಚುಕ್ಕೆಯಿಟ್ಟು
ಬಡಿಗೇರ ಮಾಡಿಕೊಟ್ಟ ಕಟ್ಟಿಗೆಯ ಬಂದೂಕು ಹಿಡಿದು
ನೆಲಕ್ಕೆ ಹೊಟ್ಟೆಯೂರಿ ಮಲಗುತ್ತೇನೆ.
ಅದಕ್ಕೆ ಕುದುರೆಯಿಲ್ಲ; ನಾಲಿಗೆಯಲ್ಲೇ ಟಿಕ್.
ಟಿಕ್ ಆದ ಮೇಲೂ ಚುಕ್ಕೆಯ ಮೇಲೇ ಇರಬೇಕು
ಒಂದು, ಎರಡು, ಮೂರು.
ಹೋದದ್ದರ ಹಿಂದೆ ಹೋಗದೆ ಇರಬೇಕು.
ಒಳಕೋಣೆಯಿಂದ ಅತ್ತೆ ಕೇಳುತ್ತಾರೆ:
"ಹಲ್ಲಿ ನುಡೀತಲ್ಲ, ಯಾವ ದಿಕ್ಕಿಗೆ?"

ಶ್ರಾವಣದ ಎರಡನೇ ಭಾನುವಾರ
ಹೊಗೆ ನೆಟ್ಟಗೆ ನಿಂತಿತ್ತು.
ಹತ್ತಿಯ ಎಳೆಗಳು ಮೂರೂ ಮೌನ.
ಹತ್ತು ತೋಟೆ, ತುಂಬುವ ಕೈ ಅವರದು.
ಏಳನೆಯದು ಟಿಕ್ ಎಂದಿತು.
ಮೂತಿ ಅಲ್ಲೇ ಇತ್ತು.
ಉಂಗುರದೊಳಗೆ ಕಪ್ಪು ಅಲ್ಲೇ ಇತ್ತು,
ಅದರ ಅಂಚಿನ ಸುತ್ತ ಬಿಳಿ ಸಮನಾಗಿತ್ತು,
ನಾನು ಇನ್ನೂ ನೋಡುತ್ತಿದ್ದೆ.
ಹಿಂದೆ ಪೆನ್ಸಿಲ್ ಕಾಗದದ ಮೇಲೆ ನಡೆದ ಸದ್ದು.

ಎಂಟನೆಯದು, ನಿಜದ್ದು, ಒಂಬತ್ತಕ್ಕೆ ಬಿತ್ತು, ಬಲಕ್ಕೆ.
ಗಾಳಿ. ಈ ಸಲ ನಿಜವಾಗಿಯೂ ಗಾಳಿ:
ಹತ್ತಿರದಾಕೆ ತಲೆಯೆತ್ತಿದ್ದನ್ನು ನಾನು ಕಾಣಲಿಲ್ಲ.

ಮನೆಗೆ ಬಂದು ಡೈರಿ ತೆರೆದೆ.
ಏಳನೆಯ ಮನೆಯಲ್ಲಿ ಅಂಕಿಯಿರಲಿಲ್ಲ.
ಒತ್ತಕ್ಷರ ಬಿಟ್ಟುಹೋದ ಬರಹದಲ್ಲಿ
'ನರಸಮ' ಎಂದಿತ್ತು.