ಇಪ್ಪತ್ತನಾಲ್ಕು

ಬಂದರಿನ ಮೊಯ್ದಿನಬ್ಬರ ಅಂಗಡಿಯಲ್ಲಿ
ಮೊದಲ ಪ್ರಶ್ನೆಯೇ: ಯಾವ ಬೋಲ್ಟು ಹಾಳು ಮಾಡಿದಿರಿ?
ಅಡಿಯ ಆಯಿಲ್ ಬೋಲ್ಟು, ಎಂದೆ.
ನಗಲಿಲ್ಲ ಅವರು. ಅಲ್ಯೂಮಿನಿಯಂ ಪಾಪ, ಮಾರಾಯ್ರೆ,
ಬೆಣ್ಣೆಯ ಜಾತಿ.

ಕಂಕನಾಡಿಯ ಅಂಚೆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ
ಮೊಹರು ಕುಟ್ಟಿದ ಕೈ ನನ್ನದು.
ಕುಟ್ಟಿದಷ್ಟೂ ಅಕ್ಷರ ಸ್ಪಷ್ಟ; ಅದು ಕಲಿತದ್ದು ಅಷ್ಟೇ.
ಗ್ಯಾರೇಜಿನ ಲಾದ್ರು ಬಾಬ್
ಮಣಿಕಟ್ಟೇ ನನ್ನ ಗೇಜು ಎನ್ನುತ್ತಿದ್ದರು.
ಈಗ ಚಹಾದ ಲೋಟ ಹಿಡಿದರೂ
ತುಳುಕುತ್ತದೆ ಆ ಗೇಜು.

ಮುಳ್ಳಿನದ್ದೊಂದು ಉಂಟು: ಅಗ್ಗ, ಸುಳ್ಳು ಹೇಳುವುದಿಲ್ಲ,
ಆದರೆ ಗಾಡಿಯಡಿ ಮಲಗಿ ಅದರ ಮುಖ ನೋಡಬೇಕು.
ಮೊಳದುದ್ದದ್ದು ಲಾರಿ ಚಕ್ರಕ್ಕೆ,
ನಲವತ್ತರ ಕೆಳಗಿನ ಮಾತು ಅದಕ್ಕೆ ಕೇಳಿಸದು.
ಕೊನೆಗೆ ಗಿಡ್ಡದ್ದು, ಐದರಿಂದ ಅರವತ್ತು ನ್ಯೂಟನ್ ಮೀಟರ್.
ವೈಸಿಗೆ ಕಚ್ಚಿಸಿ, ಮೀನಿನ ಲಾರಿಗಳ ಗದ್ದಲದಲ್ಲಿ
ನನ್ನ ಕಿವಿ ಹತ್ತಿರ ಕರೆದು, ಎಳೆದರು:
ಟಿಕ್.
ಮೂರು ಸಾವಿರದ ಇನ್ನೂರು. ಮೂರಕ್ಕೆ ಕೇಳಿದೆ. ಒಪ್ಪಲಿಲ್ಲ.

ಭಾನುವಾರ, ಜೆಪ್ಪುವಿನ ಅಂಗಳ. ಹೊಸ ಬೋಲ್ಟು, ಹೊಸ ವಾಷರು.
ಅಂಕಿ ಇಪ್ಪತ್ತನಾಲ್ಕು.
ಎಳೆದೆ. ಇನ್ನೂ ಸಡಿಲ ಅನ್ನಿಸುವಾಗಲೇ
ಟಿಕ್.
ಇಷ್ಟೇಯಾ?
ಕೈ ಇನ್ನೊಂದು ಸುತ್ತು ಬೇಡಿತು,
ಬೆವರಿದ, ಹಟದ ಕೈ.
ಬಿಟ್ಟೆ.

ಸಂಜೆ ಅಡಿಗೆ ಹಾಸಿದ ಪೇಪರಿನಲ್ಲಿ ಒಂದು ಹನಿಯಿಲ್ಲ.
ಮೊಯ್ದಿನಬ್ಬರು ಹೇಳಿದ ಹಾಗೆ ಹಿಡಿ ತಿರುಗಿಸಿ
ಅಂಕಿಯನ್ನು ಐದಕ್ಕೆ ಇಳಿಸಿ ಮಲಗಿಸಿದೆ.
ಬಿಗಿದೇ ಇಟ್ಟರೆ ಸ್ಪ್ರಿಂಗಿಗೆ ಮರೆವು ಬರುತ್ತದಂತೆ.

ಸೋಮವಾರ ಮೊಹರು ಎತ್ತಿದೆ.
ಕುಟ್ಟುವ ಮೊದಲು
ಕಿವಿ ಏನನ್ನೋ ಕಾಯಿತು.